ಐನೂರು ಮಂದಿಗೆ ಸಾರು

ನಾಲ್ಕು ಜನರಿಗೆ ಸಾರು ಮಾಡುವುದು ನಿಮ್ಮಲ್ಲಿ ಬಹಳ ಮಂದಿಗೆ ಗೊತ್ತು. ಇಪ್ಪತ್ತು ಜನ ನೆಂಟರು ಬಂದರೂ ಅಟ್ಟದ ಮೇಲಿನ ದೊಡ್ಡ ಪಾತ್ರೆ ಇಳಿಸಿ ಹೇಗೋ ನಿಭಾಯಿಸುತ್ತೀರಿ. ಆದರೆ ಶಾಲೆಯ ವಾರ್ಷಿಕೋತ್ಸವಕ್ಕೋ ಊರ ಜಾತ್ರೆಗೋ ಐನೂರು ಜನ ಊಟಕ್ಕೆ ಕೂರುತ್ತಾರೆ, ಸಾರಿನ ಹೊಣೆ ನಿಮ್ಮದು ಎಂದರೆ ಏನು ಮಾಡುತ್ತೀರಿ? ಮನೆಯ ಅಳತೆಯನ್ನು ಅಷ್ಟು ಪಟ್ಟು ಹೆಚ್ಚಿಸಿದರೆ ಆಯಿತಲ್ಲ ಎನ್ನುತ್ತೀರಾ? ಈ ಉತ್ತರ ಅರ್ಧ ಮಾತ್ರ ಸರಿ. ಉಳಿದರ್ಧದಲ್ಲಿ ಸ್ವಾರಸ್ಯವೂ ಇದೆ, ಅಪಾಯವೂ ಇದೆ. ಅದನ್ನು ತಿಳಿಯಲು ಪಾಕಶಾಸ್ತ್ರದ ಜೊತೆಗೆ ಒಂದಿಷ್ಟು ಭೌತವಿಜ್ಞಾನವೂ ಬೇಕು.

ಇಲ್ಲಿ ಸಾರು ಎಂದರೆ ಬೇಳೆ, ತರಕಾರಿ ಹಾಕಿದ, ಅನ್ನಕ್ಕೂ ಮುದ್ದೆಗೂ ಒದಗುವ ಗಟ್ಟಿ ಸಾರು. ಹಳೆಯ ಮೈಸೂರಿನ ಕಡೆ ಇದನ್ನು ಹುಳಿ ಎನ್ನುತ್ತಾರೆ, ಹೋಟೆಲಿನಲ್ಲಿ ಸಾಂಬಾರು ಎನ್ನುತ್ತಾರೆ. ಹೆಸರಿನ ಜಗಳ ಬೇಡ, ಸಾರು ಎಂದೇ ಕರೆಯೋಣ.

ಒಂದು ಪಾತ್ರೆ, ಮೂರು ಲೆಕ್ಕ

ಮನೆಯಲ್ಲಿ 4 ಲೀಟರ್ ಸಾರು ಹಿಡಿಯುವ ಪಾತ್ರೆ ಇದೆ ಎನ್ನೋಣ. ಒಬ್ಬರಿಗೆ 200 ಮಿಲಿಲೀಟರಿನಂತೆ ಅದು ಇಪ್ಪತ್ತು ಜನರಿಗೆ ಸಾಕು. ಈಗ ಅದೇ ಆಕಾರದ, ಆದರೆ ಉದ್ದ, ಅಗಲ, ಎತ್ತರ ಮೂರೂ ಮೂರು ಪಟ್ಟು ಇರುವ ಕೊಪ್ಪರಿಗೆಯನ್ನು ಕಲ್ಪಿಸಿಕೊಳ್ಳಿ. ಅದರಲ್ಲಿ ಎಷ್ಟು ಹಿಡಿಯುತ್ತದೆ? 3 × 3 × 3 = 27 ಪಟ್ಟು. ಅಂದರೆ 108 ಲೀಟರ್. 540 ಜನರ ಊಟಕ್ಕೆ ಸಾಕು.

ಆದರೆ ಕೊಪ್ಪರಿಗೆಯ ಮೈ, ಅಂದರೆ ಅದರ ಹೊರ ಮೇಲ್ಮೈ, 27 ಪಟ್ಟು ಹೆಚ್ಚಿಲ್ಲ. ವಿಸ್ತೀರ್ಣ ಹೆಚ್ಚುವುದು 3 × 3 = 9 ಪಟ್ಟು ಮಾತ್ರ. ಇನ್ನು ಒಳಗಿರುವ ಬೇಳೆ ಕಾಳು, ಕುಂಬಳದ ಹೋಳು? ಅವು ಮನೆಯ ಪಾತ್ರೆಯಲ್ಲಿ ಇದ್ದಷ್ಟೇ ಗಾತ್ರದವು. ಅವುಗಳ ಮಟ್ಟಿಗೆ ಲೆಕ್ಕ 1 ಪಟ್ಟು.

ಈ ಮೂರು ಸಂಖ್ಯೆಗಳನ್ನು ನೆನಪಿಡಿ: 27, 9 ಮತ್ತು 1. ಘನಗಾತ್ರಕ್ಕೆ ಸೇರಿದ್ದೆಲ್ಲ 27 ಪಟ್ಟು ಹೆಚ್ಚುತ್ತದೆ. ಮೇಲ್ಮೈಗೆ ಸೇರಿದ್ದು 9 ಪಟ್ಟು. ಹೋಳುಗಳಿಗೆ ಸೇರಿದ್ದು ಹೆಚ್ಚುವುದೇ ಇಲ್ಲ. ದೊಡ್ಡ ಅಡುಗೆಯ ತಾಪತ್ರಯಗಳೆಲ್ಲ ಬಹುಮಟ್ಟಿಗೆ ಈ ಮೂರು ಲೆಕ್ಕಗಳನ್ನು ಒಂದರೊಡನೊಂದು ಬೆರೆಸಿಕೊಳ್ಳುವುದರಿಂದ ಹುಟ್ಟುತ್ತವೆ.

ಇಪ್ಪತ್ತೇಳರ ಲೆಕ್ಕ

ಮೊದಲು ಸಾಮಗ್ರಿ. ಒಬ್ಬರಿಗೆ 25 ಗ್ರಾಂ ತೊಗರಿ ಬೇಳೆ, 50 ಗ್ರಾಂ ತರಕಾರಿ ಒಳ್ಳೆಯ ಅಳತೆ. ಶಾಲೆಗಳ ಬಿಸಿಯೂಟದಲ್ಲಿ ಕಿರಿಯ ಪ್ರಾಥಮಿಕ ಮಕ್ಕಳಿಗೆ 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, ಹಿರಿಯ ಪ್ರಾಥಮಿಕ ಮಕ್ಕಳಿಗೆ 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ ಎಂದು ನಿಗದಿಯಾಗಿದೆ. ತೊಗರಿ ಬೇಳೆಯ ಐದನೆಯ ಒಂದು ಭಾಗಕ್ಕೂ ಹೆಚ್ಚು ಪ್ರೋಟೀನು. ಅಕ್ಕಿಯ ಪ್ರೋಟೀನಿನಲ್ಲಿ ಲೈಸೀನ್ ಎಂಬ ಅಮೈನೊ ಆಮ್ಲ ಕಡಿಮೆ, ಬೇಳೆಯಲ್ಲಿ ಅದು ಧಾರಾಳ. ಬೇಳೆಯಲ್ಲಿ ಕೊರತೆಯಿರುವ ಮೆಥಿಯೋನೀನ್ ಅಕ್ಕಿಯಲ್ಲಿದೆ. ಆದ್ದರಿಂದ ಅನ್ನ ಸಾರಿನ ಜೋಡಿ ಬರಿಯ ರುಚಿಯ ಮಾತಲ್ಲ. ಸಾರು ತೆಳುವಾದರೆ ಬಡಿಸುವವರಿಗೆ ಸಾರು ಉಳಿಯಬಹುದು, ಆದರೆ ಉಣ್ಣುವವರಿಗೆ ಪ್ರೋಟೀನು ಸಿಗುವುದಿಲ್ಲ.

ಹೀಗಾಗಿ ನಮ್ಮ 540 ಜನರಿಗೆ ಬೇಳೆ 13.5 ಕಿಲೊಗ್ರಾಂ, ತರಕಾರಿ 27 ಕಿಲೊಗ್ರಾಂ. ಉಪ್ಪು ಲೀಟರಿಗೆ 8 ಗ್ರಾಮಿನಂತೆ ಸುಮಾರು 860 ಗ್ರಾಂ. ಇವೆಲ್ಲ ಸರಿಯಾಗಿ 27 ಪಟ್ಟು. ಹುಣಸೆಹಣ್ಣೂ ಹಾಗೆಯೇ. ಆದರೂ ಅನುಭವಿಗಳಾದ ಅಡುಗೆಯವರು ಉಪ್ಪು, ಹುಳಿ, ಖಾರಗಳನ್ನು ಮೊದಲು ಮುಕ್ಕಾಲು ಪಾಲು ಹಾಕಿ, ರುಚಿ ನೋಡಿ, ಆಮೇಲೆ ಉಳಿದದ್ದನ್ನು ಸೇರಿಸುತ್ತಾರೆ. ಹಾಕಿದ ಉಪ್ಪನ್ನು ತೆಗೆಯುವ ಉಪಾಯ ಭೌತವಿಜ್ಞಾನಕ್ಕೂ ತಿಳಿಯದು!

ಇನ್ನು ಉಷ್ಣ. ಒಂದು ಕಿಲೊಗ್ರಾಂ ನೀರಿನ ತಾಪವನ್ನು 1° ಸೆ. ಏರಿಸಲು 4.2 ಕಿಲೊಜೂಲ್ ಉಷ್ಣ ಬೇಕು. ಇದೇ ನೀರಿನ ವಿಶಿಷ್ಟೋಷ್ಣ. ಸಾರನ್ನು ನೀರೆಂದೇ ಭಾವಿಸಿ, 25° ಇಂದ 97° ವರೆಗೆ ಕಾಯಿಸುವುದಾದರೆ,

4 ಲೀಟರಿಗೆ: 4 × 4.2 × 72 = ಸುಮಾರು 1,200 ಕಿಲೊಜೂಲ್.
108 ಲೀಟರಿಗೆ: 108 × 4.2 × 72 = ಸುಮಾರು 32,700 ಕಿಲೊಜೂಲ್.

ಮನೆಯ ಗ್ಯಾಸ್ ಒಲೆಯಿಂದ ಪಾತ್ರೆಗೆ ನಿಜವಾಗಿ ಸೇರುವ ಉಷ್ಣ ಸೆಕೆಂಡಿಗೆ 1 ಕಿಲೊಜೂಲ್, ಅಂದರೆ 1 ಕಿಲೊವಾಟ್ ಎಂದುಕೊಳ್ಳಿ. ಮನೆಯ ಸಾರು 20 ನಿಮಿಷಗಳಲ್ಲಿ ಕುದಿಯುತ್ತದೆ. ಅದೇ ಒಲೆಯ ಮೇಲೆ ಕೊಪ್ಪರಿಗೆ ಇಟ್ಟರೆ ಲೆಕ್ಕದ ಪ್ರಕಾರ 9 ಗಂಟೆ ಬೇಕು. ಆದರೆ ನಿಜ ಸ್ಥಿತಿ ಇನ್ನೂ ಕೆಟ್ಟದ್ದು. ಈ ಗಾತ್ರದ ಕೊಪ್ಪರಿಗೆಯ ಮೇಲ್ಮೈ ಸುಮಾರು 1.25 ಚದರ ಮೀಟರ್. ಸಾರು ಕುದಿಬಿಂದುವಿನ ಸಮೀಪಕ್ಕೆ ಬಂದಾಗ, ಮುಚ್ಚಳ ಹಾಕಿದ್ದರೂ, ಈ ಮೈಯಿಂದ ಸುತ್ತಲಿನ ಗಾಳಿಗೆ ಸೋರಿಹೋಗುವ ಉಷ್ಣವೂ ಹತ್ತಿರಹತ್ತಿರ 1 ಕಿಲೊವಾಟ್! ಒಲೆ ಕೊಟ್ಟಷ್ಟನ್ನೂ ಗಾಳಿ ಕಸಿದುಕೊಳ್ಳುತ್ತದೆ. ಸಾರು ಬೆಚ್ಚಗಾಗುತ್ತದೆ, ಬಿಸಿಯಾಗುತ್ತದೆ, ಆದರೆ ಎಂದೂ ಕುದಿಯುವುದಿಲ್ಲ. ದೊಡ್ಡ ಪಾತ್ರೆಗೆ ದೊಡ್ಡ ಒಲೆಯೇ ಬೇಕು ಎನ್ನುವುದು ಇದಕ್ಕಾಗಿ. 8 ಕಿಲೊವಾಟ್ ಉಷ್ಣ ಪಾತ್ರೆಗೆ ಸೇರಿಸಬಲ್ಲ ಒಲೆಯಾದರೆ ಒಂದು ಗಂಟೆಗಿಂತ ತುಸು ಹೆಚ್ಚು ಸಮಯದಲ್ಲಿ ಕೆಲಸ ಆಗುತ್ತದೆ.

ಇಂಧನ ಎಷ್ಟು? ಒಂದು ಕಿಲೊಗ್ರಾಂ ಅಡುಗೆ ಅನಿಲದಲ್ಲಿ ಸುಮಾರು 46,000 ಕಿಲೊಜೂಲ್ ಶಕ್ತಿ ಇದೆ. ಅರ್ಧದಷ್ಟು ಪಾತ್ರೆಗೆ ಸೇರಿದರೆ ಬರಿಯ ಕುದಿ ಬರಿಸಲು 1.4 ಕಿಲೊಗ್ರಾಂ ಅನಿಲ ಸಾಕು. ಒಣ ಸೌದೆಯಲ್ಲಿ ಕಿಲೊಗ್ರಾಮಿಗೆ ಸುಮಾರು 16,000 ಕಿಲೊಜೂಲ್. ಆದರೆ ಮೂರು ಕಲ್ಲಿನ ಬಯಲು ಒಲೆಯಲ್ಲಿ ನೂರಕ್ಕೆ ಹನ್ನೆರಡರಷ್ಟು ಮಾತ್ರ ಪಾತ್ರೆಗೆ ಸೇರುತ್ತದೆ ಎಂದರೆ 17 ಕಿಲೊಗ್ರಾಂ ಸೌದೆ ಬೇಕು. ಉರಿಯ ಸುತ್ತ ಗೋಡೆ ಕಟ್ಟಿ, ಗಾಳಿ ಒಳಬರಲೂ ಹೊಗೆ ಹೊರಹೋಗಲೂ ಸರಿಯಾದ ದಾರಿ ಮಾಡಿಕೊಟ್ಟರೆ ಇದು ಅರ್ಧಕ್ಕೆ ಇಳಿಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1980ರ ದಶಕದಲ್ಲಿ ರೂಪುಗೊಂಡ ಅಸ್ತ್ರ ಒಲೆಯ ಹಿಂದಿನ ತತ್ವವೂ ಇದೇ.

ಒಂಬತ್ತರ ಲೆಕ್ಕ

ಕುದಿ ಬಂದ ಮೇಲೆ ಉರಿ ಜೋರು ಮಾಡಿದರೆ ಬೇಳೆ ಬೇಗ ಬೇಯುತ್ತದೆಯೆ? ಹಾಗೆಂದು ನಂಬಿದವರು ಬಹಳ. ಅದು ತಪ್ಪು. ಕುದಿಯುವ ನೀರಿನ ತಾಪ ಒಂದೇ. ಸಣ್ಣಗೆ ಕುದಿದರೂ ಅಷ್ಟೇ, ಕೊತಕೊತ ಕುದಿದರೂ ಅಷ್ಟೇ. ಹೆಚ್ಚು ಉರಿಯಿಂದ ಹೆಚ್ಚುವುದು ತಾಪವಲ್ಲ, ಆವಿ. ಒಂದು ಕಿಲೊಗ್ರಾಂ ನೀರು ಆವಿಯಾಗಲು 2,260 ಕಿಲೊಜೂಲ್ ಗುಪ್ತೋಷ್ಣ ಬೇಕು. 10 ಲೀಟರ್ ಆವಿಯಾಗಿ ಹೋದರೆ 22,600 ಕಿಲೊಜೂಲ್ ಹೋಯಿತು. ಇಡೀ ಕೊಪ್ಪರಿಗೆಯನ್ನು ಕುದಿಗೆ ತರಲು ಬೇಕಾದ ಉಷ್ಣದ ಮೂರನೆಯ ಎರಡು ಭಾಗಕ್ಕಿಂತಲೂ ಇದು ಹೆಚ್ಚು! ಆದ್ದರಿಂದ ಕುದಿ ಬಂದೊಡನೆ ಉರಿ ತಗ್ಗಿಸಿ ಮುಚ್ಚಳ ಮುಚ್ಚುವುದೇ ದೊಡ್ಡ ಉಳಿತಾಯ.

ಸಣ್ಣ ಕುದಿಯಲ್ಲಿ ಆವಿ ಹೊರಡುವುದು ಮೇಲ್ಮೈಯಿಂದ. ಮೇಲ್ಮೈ 9 ಪಟ್ಟು ಹೆಚ್ಚಿದೆ, ಸಾರು 27 ಪಟ್ಟು ಹೆಚ್ಚಿದೆ. ಮನೆಯಲ್ಲಿ ಗಂಟೆಗೆ ಅರ್ಧ ಲೀಟರ್ ಇಂಗುವ ಕಡೆ ಇಲ್ಲಿ ಇಂಗುವುದು ನಾಲ್ಕೂವರೆ ಲೀಟರ್, ಹದಿಮೂರೂವರೆ ಅಲ್ಲ. ಮನೆಯ ಅಳತೆಯನ್ನೇ ಹೆಚ್ಚಿಸಿ ನೀರು ಹೊಯ್ದವರ ಸಾರು ನೀರು ನೀರಾಗುವುದೇಕೆ ಎಂಬುದು ಈಗ ತಿಳಿಯಿತಲ್ಲವೆ? ಮೊದಲು ನೀರು ಕಡಿಮೆ ಹಾಕಿ, ಪಕ್ಕದ ಒಲೆಯಲ್ಲಿ ಒಂದು ಹಂಡೆ ಕುದಿಯುವ ನೀರು ಸಿದ್ಧವಿಟ್ಟುಕೊಂಡು, ಕೊನೆಯಲ್ಲಿ ಹದ ಮಾಡಿಕೊಳ್ಳುವುದು ಜಾಣತನ.

ಒಂದರ ಲೆಕ್ಕ

ಕುಂಬಳದ ಹೋಳಿನ ನಡುವಿಗೆ ಉಷ್ಣ ತಲುಪಬೇಕು. ಬೇಳೆಯ ಒಳಕ್ಕೆ ನೀರು ಇಳಿಯಬೇಕು. ಎರಡೂ ವಿಸರಣದ ಕ್ರಿಯೆಗಳೇ. ಇವಕ್ಕೆ ಬೇಕಾದ ಕಾಲ ದಪ್ಪದ ವರ್ಗಕ್ಕೆ ಅನುಗುಣ. ದಪ್ಪ ಅರ್ಧವಾದರೆ ಕಾಲ ನಾಲ್ಕನೆಯ ಒಂದು ಭಾಗ. ಇಡಿಯ ತೊಗರಿ ಕಾಳಿಗಿಂತ ಸಿಪ್ಪೆ ತೆಗೆದು ಒಡೆದ ಬೇಳೆ ಅಷ್ಟು ಬೇಗ ಬೇಯಲು ಇದೂ ಒಂದು ಕಾರಣ. ಹೋಳುಗಳನ್ನು ಒಂದೇ ಗಾತ್ರಕ್ಕೆ ಹೆಚ್ಚಬೇಕೆಂದು ಹಿರಿಯರು ಹೇಳುವುದು ಬರಿಯ ಅಂದಕ್ಕಲ್ಲ.

ಹೋಳಿನ ಗಾತ್ರ ಹೆಚ್ಚಿಲ್ಲವಾದ್ದರಿಂದ, ಕುದಿ ಬಂದ ಮೇಲೆ ಬೇಯುವ ಕಾಲ ಮನೆಯಲ್ಲಿದ್ದಷ್ಟೇ. ಆದರೆ ಕೊಪ್ಪರಿಗೆ ಬಿಸಿಯಾಗುವುದೂ ನಿಧಾನ, ಆರುವುದೂ ನಿಧಾನ. ಉರಿ ಆರಿಸಿದ ಮೇಲೂ ಬಹಳ ಹೊತ್ತು ತರಕಾರಿ ಬೇಯುತ್ತಲೇ ಇರುತ್ತದೆ. ಬದನೆ, ಸೋರೆಯಂಥ ಮೆತ್ತನೆಯ ತರಕಾರಿಗಳನ್ನು ಕೊನೆಯಲ್ಲಿ ಹಾಕಿ, ಇನ್ನೂ ತುಸು ಗಟ್ಟಿ ಇರುವಾಗಲೇ ಉರಿ ತೆಗೆಯಿರಿ. ಎಲೆಗೆ ಬರುವ ವೇಳೆಗೆ ಹದವಾಗಿರುತ್ತದೆ.

ಬೇಳೆ ಬೇಯದೆ ಹಟ ಮಾಡುವುದು ಯಾವಾಗ? ಕಾಳಿನ ಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ವಸ್ತು ಪೆಕ್ಟಿನ್. ಅದು ಕರಗಿದರೆ ಬೇಳೆ ಬೆಂದಂತೆ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಪೆಕ್ಟಿನ್ನನ್ನು ಬಿಗಿಯುತ್ತದೆ. ಕೊಳವೆ ಬಾವಿಯ ನೀರಿನಲ್ಲಿ ಬೇಳೆ ಬೇಯದೆಂಬ ದೂರು ಹುಸಿಯಲ್ಲ. ಹುಳಿ, ಅಂದರೆ ಆಮ್ಲ, ಕೂಡ ಪೆಕ್ಟಿನ್ ಕರಗುವುದನ್ನು ತಡೆಯುತ್ತದೆ. ಆದ್ದರಿಂದ ಹುಣಸೆ, ಟೊಮೆಟೊ ಹಾಕುವುದು ಬೇಳೆ ಬೆಂದ ಮೇಲೆಯೇ. ಅಡುಗೆ ಸೋಡಾ ಹಾಕಿದರೆ ಬೇಳೆ ಬೇಗ ಮೆತ್ತಗಾಗುವುದು ನಿಜ. ಆದರೆ ಕ್ಷಾರದಲ್ಲಿ ಥಯಮಿನ್ ಎಂಬ ಬಿ1 ಜೀವಸತ್ವ ನಾಶವಾಗುತ್ತದೆ. ಅದರ ಬದಲು ಬೇಳೆಯನ್ನು ಒಂದು ಗಂಟೆ ನೆನೆಹಾಕುವುದು ಲೇಸು.

ನೀವಿರುವ ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಸಮುದ್ರಮಟ್ಟದಿಂದ ಸುಮಾರು 300 ಮೀಟರ್ ಮೇಲೇರಿದಂತೆಲ್ಲ ನೀರಿನ ಕುದಿಬಿಂದು 1° ಇಳಿಯುತ್ತದೆ. ಮಂಗಳೂರಿನಲ್ಲಿ 100°, ಬೆಂಗಳೂರಿನಲ್ಲಿ 97°, ಮಡಿಕೇರಿಯಲ್ಲಿ 96°. ಪ್ರೆಷರ್ ಕುಕ್ಕರಿನೊಳಗೆ ಸುಮಾರು 120°. ಬೇಳೆಯನ್ನು ದೊಡ್ಡ ಕುಕ್ಕರುಗಳಲ್ಲಿ ಬೇಯಿಸಿ ತಂದು ಕೊಪ್ಪರಿಗೆಗೆ ಸುರಿದರೆ ಸಮಯವೂ ಇಂಧನವೂ ಉಳಿಯುತ್ತವೆ. ಆದರೆ ಕುಕ್ಕರನ್ನು ಮೂರನೆಯ ಎರಡು ಭಾಗಕ್ಕಿಂತ ಹೆಚ್ಚು ತುಂಬಬೇಡಿ. ಬೇಳೆಗಾದರೆ ಅರ್ಧವೇ ಮಿತಿ. ಬೇಳೆಯ ನೊರೆ ಆವಿಯ ದಾರಿಯನ್ನು ಕಟ್ಟಬಲ್ಲದು.

ತಳ ಹಿಡಿಯುವುದೇಕೆ?

ನೀರು ಉಷ್ಣದ ಒಳ್ಳೆಯ ವಾಹಕವಲ್ಲ. ಆದರೂ ಪಾತ್ರೆಯ ನೀರೆಲ್ಲ ಬೇಗ ಕಾಯುವುದು ಸಂವಹನದಿಂದ. ತಳದ ನೀರು ಕಾದು ಹಿಗ್ಗಿ ಹಗುರಾಗಿ ಮೇಲೇರುತ್ತದೆ, ಮೇಲಿನ ತಣ್ಣನೆಯ ನೀರು ಕೆಳಗಿಳಿಯುತ್ತದೆ. ಈ ಸುತ್ತಾಟ ನಡೆಯುವವರೆಗೆ ತಳದ ತಾಪ 100° ಆಸುಪಾಸಿನಲ್ಲೇ ಇರುತ್ತದೆ. ಸಾರು ಗಟ್ಟಿಯಾದಂತೆ, ಅಂದರೆ ಸ್ನಿಗ್ಧತೆ ಹೆಚ್ಚಿದಂತೆ, ಸುತ್ತಾಟ ಕುಂಟುತ್ತದೆ. ಬೆಂದ ಬೇಳೆ ತಳಕ್ಕೆ ಕೂರುತ್ತದೆ. ಕೂತ ಪದರದಲ್ಲಿ ನೀರು ಆರಿಹೋದರೆ ಅದರ ತಾಪವನ್ನು 100° ಯಲ್ಲಿ ಹಿಡಿದಿಡುವವರು ಯಾರೂ ಇಲ್ಲ. ಅದು 150° ದಾಟುತ್ತದೆ, ಸೀಯುತ್ತದೆ.

ಇದಕ್ಕೆ ಮೂರು ಉಪಾಯ. ಮೊದಲನೆಯದು, ದಪ್ಪ ತಳದ ಪಾತ್ರೆ. ಉರಿ ಒಂದೇ ಕಡೆ ನಾಟಿದರೂ ಉಷ್ಣ ಲೋಹದಲ್ಲಿ ಹರಡಿಕೊಳ್ಳುತ್ತದೆ. ಎರಡನೆಯದು, ಉದ್ದ ಹಿಡಿಯ ಮರದ ಹುಟ್ಟಿನಿಂದ ತಳ ಮುಟ್ಟಿಸಿ ತಿರುವುವುದು. ನಿಂತುಹೋದ ಸಂವಹನವನ್ನು ನಮ್ಮ ತೋಳು ಮುಂದುವರಿಸುತ್ತದೆ. ಮೂರನೆಯದು, ಗಟ್ಟಿ ಮಾಡುವ ಹಿಟ್ಟು, ರುಬ್ಬಿದ ಮಸಾಲೆಗಳನ್ನು ಕೊನೆಯಲ್ಲಿ ಸೇರಿಸುವುದು. ದೊಡ್ಡ ಅಡುಗೆಮನೆಗಳಲ್ಲಿ ಈಗ ಎರಡು ಗೋಡೆಯ ಉಗಿ ಕಡಾಯಿಗಳು ಬಂದಿವೆ. ಅವುಗಳ ಗೋಡೆಗಳ ನಡುವೆ ಹರಿಯುವ ಉಗಿಯ ತಾಪ ಬೆಂಕಿಯ ತಾಪಕ್ಕಿಂತ ಬಹಳ ಕಡಿಮೆಯಾದ್ದರಿಂದ ತಳ ಸೀಯುವ ಭಯ ಕಡಿಮೆ. ಅಷ್ಟಾಗಿಯೂ ನಿಮ್ಮ ಕೊಪ್ಪರಿಗೆ ತಳ ಹಿಡಿದರೆ ಕೆರೆಯಬೇಡಿ. ಮೇಲಿನ ಸಾರನ್ನು ಮೆಲ್ಲನೆ ಬೇರೆ ಪಾತ್ರೆಗೆ ತೋಡಿಕೊಳ್ಳಿ. ತಳದ ಸೀದ ವಾಸನೆ ತಳದಲ್ಲೇ ಉಳಿಯಲಿ.

ಹಿತ್ತಾಳೆ, ತಾಮ್ರದ ಹಳೆಯ ಕೊಪ್ಪರಿಗೆ ಬಳಸುವುದಾದರೆ ಕಲಾಯಿ ಪೂರ್ತಿ ಇದೆಯೇ ಎಂದು ನೋಡಿಕೊಳ್ಳಿ. ಹುಣಸೆಯ ಆಮ್ಲಕ್ಕೆ ತಾಮ್ರ ಕರಗಿ ಸಾರಿಗೆ ಸೇರಿದರೆ ವಾಂತಿಯಾಗುತ್ತದೆ.

ಸಾರು ಮಾಡಿದ ಭೌತವಿಜ್ಞಾನಿ

ಸಂವಹನದ ಅಧ್ಯಯನಕ್ಕೂ ಬಡವರ ಸಾರಿಗೂ ಒಂದು ಹಳೆಯ ನಂಟಿದೆ. ಬೆಂಜಮಿನ್ ಥಾಂಪ್ಸನ್, ಅಂದರೆ ಕೌಂಟ್ ರಂಫರ್ಡ್ (1753-1814), ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಪರಿಚಿತ ಹೆಸರು. ಫಿರಂಗಿಯ ಕೊಳವೆ ಕೊರೆಯುವಾಗ ಹುಟ್ಟುವ ಉಷ್ಣವನ್ನು ಅಳೆದು, ಉಷ್ಣವೆಂಬುದು ದ್ರವ್ಯವಲ್ಲ, ಒಂದು ಬಗೆಯ ಚಲನೆ ಎಂದು 1798ರಲ್ಲಿ ವಾದಿಸಿದವನು ಈತ. ಜರ್ಮನಿಯ ಮ್ಯೂನಿಕ್ ನಗರದಲ್ಲಿ ಬವೇರಿಯದ ಅರಸನ ಸೇವೆಯಲ್ಲಿದ್ದಾಗ, 1790ರಲ್ಲಿ, ಅಲ್ಲಿನ ಭಿಕ್ಷುಕರನ್ನು ಒಂದು ಕೆಲಸದ ಮನೆಗೆ ಸೇರಿಸಿ ಅನ್ನ ಕೊಡುವ ಏರ್ಪಾಡು ಮಾಡಿದ. ಬಾರ್ಲಿ, ಒಣ ಬಟಾಣಿ, ಉಪ್ಪು, ವಿನಿಗರ್, ಒಣಗಿದ ಬ್ರೆಡ್ಡಿನ ಚೂರು, ಮುಂದೆ ಆಲೂಗೆಡ್ಡೆ, ಇವೇ ಅವನ ಸೂಪಿನ ಸಾಮಗ್ರಿ. ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಬೆಂದ ಬಾರ್ಲಿ ಸೂಪನ್ನು ಗಟ್ಟಿಯಾಗಿಸುತ್ತಿತ್ತು. ಧಾನ್ಯ, ದ್ವಿದಳ, ಹುಳಿ: ನಮ್ಮ ಅನ್ನ ಸಾರಿನ ಸೂತ್ರವೇ ಅಲ್ಲವೆ? ಉರಿಯನ್ನು ಇಟ್ಟಿಗೆಯ ಗೂಡಿನೊಳಗೆ ಕೂಡಿಹಾಕಿ ಇಂಧನ ಉಳಿಸುವ ಒಲೆಗಳನ್ನೂ ಅವನು ಕಟ್ಟಿಸಿದ.

ಒಮ್ಮೆ ಗಟ್ಟಿಯಾದ ಅಕ್ಕಿಯ ಸೂಪನ್ನು ಬಹಳ ಹೊತ್ತು ಹಾಗೆಯೇ ಬಿಟ್ಟಿದ್ದ. ಮೇಲ್ಪದರದ ಮೊದಲ ಚಮಚ ತಣ್ಣಗಿತ್ತು. ಒಳಗಿನಿಂದ ತೆಗೆದ ಮುಂದಿನ ಚಮಚ ಬಾಯಿ ಸುಟ್ಟಿತು. ಗಟ್ಟಿ ಪದಾರ್ಥಗಳು ಇಷ್ಟು ಹೊತ್ತು ಬಿಸಿಯಾಗಿ ಉಳಿಯುವುದೇಕೆ ಎಂಬ ಪ್ರಶ್ನೆ ಅವನನ್ನು ದ್ರವಗಳ ಸಂವಹನದ ಅಧ್ಯಯನಕ್ಕೆ ಎಳೆಯಿತು. ಅವನ ಎಲ್ಲ ಮಾತೂ ಸರಿಯಾಗಿರಲಿಲ್ಲ. ಸೂಪಿನಲ್ಲಿ ನೀರೇ ಪೌಷ್ಟಿಕ ಆಹಾರವಾಗಿ ಮಾರ್ಪಡುತ್ತದೆ ಎಂದು ನಂಬಿದ್ದ. ಅದು ತಪ್ಪು. ಆದರೆ ಬಾಯಿ ಸುಟ್ಟುಕೊಂಡು ಕಲಿತ ಪಾಠ ಸರಿಯಾಗಿತ್ತು. ಆ ಪಾಠವನ್ನು ನಾನು ಪುಸ್ತಕದಲ್ಲಿ ಓದಿದ್ದೆ, ತರಗತಿಯಲ್ಲಿ ಹೇಳಿಯೂ ಇದ್ದೆ. ಆದರೂ ಎಡವಿದೆ.

ನನ್ನ ತಪ್ಪು

ಹಲವು ವರ್ಷಗಳ ಹಿಂದೆ ನಮ್ಮ ಅಣ್ಣನ ಮನೆಯ ಗೃಹಪ್ರವೇಶ. ಮಧ್ಯಾಹ್ನದ ಊಟಕ್ಕೆ ನಾಲ್ಕು ನೂರು ಜನ. ಪಂಕ್ತಿಗಳು ಮುಗಿದಾಗ ಎರಡು ಗಂಟೆ. ಕೊಪ್ಪರಿಗೆಯಲ್ಲಿ ಅರ್ಧದಷ್ಟು ಸಾರು ಉಳಿದಿತ್ತು. ಮಕ್ಕಳು ಬಹಳ ಎಂದು ಹುಳಿ ಕಡಿಮೆ ಹಾಕಿಸಿದ್ದ ಗಟ್ಟಿ ಸಾರು. ರಾತ್ರಿಗೆ ಉಳಿದುಕೊಳ್ಳುವ ನೆಂಟರು ಅರವತ್ತು ಜನ. ಅಡುಗೆಯವರು, ಸಣ್ಣ ಪಾತ್ರೆಗಳಿಗೆ ಹಾಕಿ ಆರಿಸೋಣವೇ ಸ್ವಾಮಿ ಎಂದು ಕೇಳಿದರು. ನಾನು, ‘ಬೇಡಿ, ಮುಚ್ಚಿಡಿ. ದೊಡ್ಡ ಪಾತ್ರೆ, ರಾತ್ರಿವರೆಗೂ ಬಿಸಿಯಾಗಿಯೇ ಇರುತ್ತೆ’ ಎಂದೆ. ಘನ, ವರ್ಗಗಳ ನಿಯಮವನ್ನು ಅವರಿಗೆ ವಿವರಿಸಿಯೂ ಬಿಟ್ಟೆ. ನನ್ನ ಮಾತು ನಿಜವಾಯಿತು. ರಾತ್ರಿ ಒಂಬತ್ತೂವರೆಗೆ ಮುಚ್ಚಳ ತೆಗೆದರೆ ಸಾರು ಬೆಚ್ಚಗೇ ಇತ್ತು. ಮತ್ತೆ ಕುದಿಸದೆ ಬಡಿಸಿದೆವು.

ಮರುದಿನ ಬೆಳಿಗ್ಗೆ ಮೂವತ್ತಕ್ಕೂ ಹೆಚ್ಚು ಜನಕ್ಕೆ ಹೊಟ್ಟೆ ನುಲಿತ, ಭೇದಿ. ಎಪ್ಪತ್ತು ದಾಟಿದ ಸೋದರತ್ತೆಯನ್ನು ಆಸ್ಪತ್ರೆಗೆ ಸೇರಿಸಿ ಎರಡು ದಿನ ಡ್ರಿಪ್ ಹಾಕಿಸಬೇಕಾಯಿತು. ಪುಣ್ಯಕ್ಕೆ ಚೇತರಿಸಿಕೊಂಡರು. ಪರೀಕ್ಷೆಗೆ ಕಳಿಸಲು ಸಾರು ಉಳಿದಿರಲಿಲ್ಲ. ಆದರೆ ಲಕ್ಷಣಗಳನ್ನೂ ಸಮಯವನ್ನೂ ನೋಡಿದ ವೈದ್ಯರು ಕಾರಣವನ್ನು ಊಹಿಸಿದರು. ಮನೆಗೆ ಬಂದು ನಾನು ಲೆಕ್ಕ ಹಾಕಿದೆ, ಮೊದಲೇ ಹಾಕಬೇಕಾಗಿದ್ದ ಲೆಕ್ಕವನ್ನು.

ತಂಪಾಗುವ ಲೆಕ್ಕ

ಆರುವ ಪಾತ್ರೆಯಲ್ಲಿರುವ ಉಷ್ಣ ಘನಗಾತ್ರದ ಲೆಕ್ಕ, ಅಂದರೆ 27. ಅದು ಹೊರಹೋಗುವ ದಾರಿ ಮೇಲ್ಮೈಯ ಲೆಕ್ಕ, ಅಂದರೆ 9. ಆದ್ದರಿಂದ ಆರಲು ಬೇಕಾದ ಕಾಲ 27ನ್ನು 9ರಿಂದ ಭಾಗಿಸಿದಷ್ಟು, ಎಂದರೆ 3 ಪಟ್ಟು. ನ್ಯೂಟನ್ನನ ತಂಪಾಗುವ ನಿಯಮವನ್ನು ಬಳಸಿ ಸ್ಥೂಲವಾಗಿ ಲೆಕ್ಕ ಹಾಕಿದರೆ, 28° ಇರುವ ಕೋಣೆಯಲ್ಲಿ ಮುಚ್ಚಿಟ್ಟ 4 ಲೀಟರ್ ಸಾರು 60° ಇಂದ 40° ಗೆ ಇಳಿಯಲು ಸುಮಾರು 3 ಗಂಟೆ ಬೇಕು. 108 ಲೀಟರಿಗೆ 9 ಗಂಟೆ. ನಮ್ಮ ಅರ್ಧ ತುಂಬಿದ ಕೊಪ್ಪರಿಗೆ, ಎರಡು ಗಂಟೆಗೆ 70° ಇದ್ದದ್ದು, ಸಂಜೆ ಆರರ ವೇಳೆಗೆ 50° ಗೂ ರಾತ್ರಿ ಒಂಬತ್ತೂವರೆಗೆ 40° ಗೂ ಇಳಿದಿರಬೇಕು.

ಈ ಮೂರೂವರೆ ಗಂಟೆಯೇ ಅನಾಹುತದ ಹೊತ್ತು. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯ ಮಣ್ಣಿನಲ್ಲೂ ಧೂಳಿನಲ್ಲೂ ಇರುತ್ತದೆ. ಅದರ ಬೀಜಾಣುಗಳು ಕುದಿಯುವ ಸಾರಿನಲ್ಲೂ ಬದುಕುತ್ತವೆ. ಸಾರು 50° ಗಿಂತ ಕೆಳಗಿಳಿದಾಗ ಮೊಳೆಯುತ್ತವೆ. 43° ಇಂದ 47° ಅವಕ್ಕೆ ಬಲು ಹಿತ. ಅಲ್ಲಿ ಹತ್ತು ನಿಮಿಷಕ್ಕೊಮ್ಮೆ ಅವುಗಳ ಸಂಖ್ಯೆ ಇಮ್ಮಡಿಯಾಗಬಲ್ಲದು. ಮೂರು ಗಂಟೆಯಲ್ಲಿ ಹದಿನೆಂಟು ಸಲ ಇಮ್ಮಡಿಯಾದರೆ? ಒಂದು 2,62,144 ಆಗುತ್ತದೆ! ಕುದಿಸಿದ ಸಾರಿನಲ್ಲಿ ಗಾಳಿಯ ಆಮ್ಲಜನಕ ಹೊರಟುಹೋಗಿರುತ್ತದೆ. ಆಮ್ಲಜನಕ ಬೇಡದ ಈ ಜೀವಿಗೆ ಅದೂ ಅನುಕೂಲವೇ. ಸಾರು ಹಳಸಿದ ವಾಸನೆ ಬರಬೇಕೆಂದಿಲ್ಲ, ರುಚಿ ಕೆಡಬೇಕೆಂದಿಲ್ಲ. ತಿಂದ 6 ರಿಂದ 24 ಗಂಟೆಗಳೊಳಗೆ ಹೊಟ್ಟೆ ನುಲಿತ, ಭೇದಿ ಕಾಣಿಸುತ್ತವೆ.

ಹುಳಿ ಹೆಚ್ಚಿದ್ದರೆ ಈ ಜೀವಿಯ ಬೆಳವಣಿಗೆ ಕುಂಠಿತವಾಗುತ್ತದೆ. ಹಾಗೆಂದು ಹುಣಸೆಯನ್ನೇ ನಂಬಿ ಕೂರುವಂತಿಲ್ಲ. ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎಂಬ ಇನ್ನೊಂದು ಬ್ಯಾಕ್ಟೀರಿಯ ಇದೆ. ವಾಂತಿ ಬರಿಸುವ ಅದರ ವಿಷ ಮತ್ತೆ ಕುದಿಸಿದರೂ ನಾಶವಾಗದು. ಆದ್ದರಿಂದ ‘ಬಿಸಿ ಮಾಡಿದರೆ ಸರಿಹೋಗುತ್ತದೆ’ ಎಂಬುದು ಎಲ್ಲ ಕಾಲಕ್ಕೂ ಸಲ್ಲುವ ಮಾತಲ್ಲ.

ಬೆಚ್ಚಗಿದೆ ಎಂಬುದನ್ನು ನಾನು ಸುರಕ್ಷಿತ ಎಂದು ಓದಿಕೊಂಡಿದ್ದೆ. ಅದರ ಅರ್ಥ ತದ್ವಿರುದ್ಧವಾಗಿತ್ತು.

ಮಾಡಬೇಕಾದದ್ದೇನು?

ನಿಯಮ ಸರಳ. ಸಾರು ಬಿಸಿಯಾಗಿರಬೇಕು, ಇಲ್ಲವೇ ತಣ್ಣಗಿರಬೇಕು. ನಡುವೆ ನಿಲ್ಲಬಾರದು.

ಬಡಿಸುವವರೆಗೆ ಸಣ್ಣ ಉರಿಯ ಮೇಲಿಟ್ಟು 60° ಗಿಂತ ಮೇಲೆಯೇ ಇರುವಂತೆ ನೋಡಿಕೊಳ್ಳಿ. ಎರಡು ಪಂಕ್ತಿಗಳ ನಡುವೆ ಬಹಳ ಅಂತರವಿದ್ದರೆ ಇಡೀ ಸಾರನ್ನು ಒಂದೇ ಸಲ ಮಾಡದೆ ಎರಡು ಕಂತಿನಲ್ಲಿ ಮಾಡಿ.

ಉಳಿದದ್ದನ್ನು ಇಡಲೇಬೇಕೆಂದಿದ್ದರೆ ಎರಡು ಗಂಟೆಯೊಳಗೆ 60° ಇಂದ 21° ಗೂ, ಮುಂದಿನ ನಾಲ್ಕು ಗಂಟೆಯೊಳಗೆ 5° ಗೂ ಇಳಿಸಬೇಕು. ಕೊಪ್ಪರಿಗೆಯಲ್ಲಿ ಇದು ಅಸಾಧ್ಯ. ಐದು ಸೆಂಟಿಮೀಟರಿಗಿಂತ ಆಳವಿಲ್ಲದಂತೆ ಅಗಲವಾದ ತಟ್ಟೆಗಳಿಗೆ ಸುರಿಯಿರಿ. ದಪ್ಪದ ವರ್ಗದ ನಿಯಮ ಇಲ್ಲಿ ನಮ್ಮ ನೆರವಿಗೆ ಬರುತ್ತದೆ. ಗಟ್ಟಿಯಾದ ಸಾರಿನಲ್ಲಿ ಸಂವಹನ ನಿಂತು ಬರಿಯ ವಹನದಿಂದಲೇ ಉಷ್ಣ ಹೊರಬರಬೇಕಾದರೆ, 50 ಸೆಂಟಿಮೀಟರ್ ದಪ್ಪದ ರಾಶಿಯ ನಡುವಿನ ಉಷ್ಣಕ್ಕೆ ಐದು ದಿನ ಹಿಡಿಯುತ್ತದೆ. 5 ಸೆಂಟಿಮೀಟರ್ ಪದರಕ್ಕೆ ಒಂದೂಕಾಲು ಗಂಟೆ. ಅಂದರೆ ನೂರರಲ್ಲಿ ಒಂದು ಪಾಲು. ತಟ್ಟೆಗಳನ್ನು ತಣ್ಣೀರಿನಲ್ಲೋ ಮಂಜುಗಡ್ಡೆಯಲ್ಲೋ ಇಟ್ಟು ಕಲಕಿದರೆ ಇನ್ನೂ ಬೇಗ. ಬಿಸಿ ಕೊಪ್ಪರಿಗೆಯನ್ನು ಇದ್ದಂತೆಯೇ ಫ್ರಿಜ್ಜಿನೊಳಗೆ ತಳ್ಳಿದರೆ ನಡುವಿನ ಸಾರು ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಇಷ್ಟು ಅನುಕೂಲವಿಲ್ಲದ ಕಡೆ, ಸಾರು ಬಿಸಿಯಾಗಿರುವಾಗಲೇ ನೆರೆಹೊರೆಗೆ ಹಂಚಿಬಿಡಿ. ನಮ್ಮ ಹಿರಿಯರು ಅದನ್ನೇ ಮಾಡುತ್ತಿದ್ದರು.

ಇನ್ನೊಂದು ಎಚ್ಚರ. ನಿಧಾನವಾಗಿ ಆರುವ ಕೊಪ್ಪರಿಗೆ ಒಲೆಯಿಂದ ಇಳಿಸಿದ ಮೇಲೂ ಗಂಟೆಗಟ್ಟಲೆ ಸುಡುವ ಕೊಪ್ಪರಿಗೆಯೇ. 60° ಯ ದ್ರವ ಐದಾರು ಸೆಕೆಂಡುಗಳಲ್ಲಿ ಚರ್ಮವನ್ನು ಆಳಕ್ಕೆ ಸುಡಬಲ್ಲದು. ಮಕ್ಕಳ ಚರ್ಮಕ್ಕೆ ಅಷ್ಟೂ ಬೇಡ. ಕ್ವಿಂಟಲಿಗೂ ಮೀರಿದ ತೂಕದ ಕೊಪ್ಪರಿಗೆಯನ್ನು ತುಂಬಿದಂತೆಯೇ ಎತ್ತಬೇಡಿ, ಬಕೆಟ್ಟಿಗೆ ತೋಡಿಕೊಂಡು ಸಾಗಿಸಿ. ಮಕ್ಕಳು ಓಡಾಡುವ ಕಡೆ ನೆಲದ ಮೇಲೆ ಇಡಬೇಡಿ. ಸುತ್ತ ಹಗ್ಗ ಕಟ್ಟಿ ಒಬ್ಬರನ್ನು ಕಾವಲಿಗೆ ನಿಲ್ಲಿಸಿ.

ನೀವೇ ಮಾಡಿ ನೋಡಿ

ಒಂದು ಲೋಟ, ಒಂದು ಬಕೆಟ್ಟು, ಒಂದು ಅಗಲ ತಟ್ಟೆ ತೆಗೆದುಕೊಳ್ಳಿ. ಹಿರಿಯರ ನೆರವಿನಿಂದ ಮೂರಕ್ಕೂ ಒಂದೇ ತಾಪದ ಬಿಸಿನೀರು ಹಾಕಿ. ಹತ್ತು ನಿಮಿಷಕ್ಕೊಮ್ಮೆ ತಾಪಮಾಪಕದಿಂದ ಅಳೆದು ನಕ್ಷೆ ಬರೆಯಿರಿ. ಆಮೇಲೆ ಲೋಟದ ನೀರಿನ ಬದಲು ಗಂಜಿ ಹಾಕಿ ಮತ್ತೆ ಅಳೆಯಿರಿ. ಮೇಲ್ಪದರದ ತಾಪವನ್ನೂ ನಡುವಿನ ತಾಪವನ್ನೂ ಬೇರೆ ಬೇರೆಯಾಗಿ ಗುರುತಿಸಿ. ರಂಫರ್ಡನ ಬಾಯಿ ಸುಟ್ಟದ್ದೇಕೆಂದು ನಿಮ್ಮ ನಕ್ಷೆಯೇ ಹೇಳುತ್ತದೆ.

ನಮ್ಮ ಮನೆಯ ಮುಂದಿನ ಸಮಾರಂಭಕ್ಕೂ ಅದೇ ಅಡುಗೆಯವರೇ ಬಂದಿದ್ದರು. ಊಟ ಮುಗಿಯುತ್ತಲೇ ಅವರು ನನ್ನತ್ತ ಒಮ್ಮೆ ನೋಡಿ, ಏನೂ ಕೇಳದೆ, ಸಾರನ್ನು ತಟ್ಟೆಗಳಿಗೆ ಸುರಿಯತೊಡಗಿದರು. ನಾನು ಮಾತಾಡದೆ ತಟ್ಟೆಗಳನ್ನು ಹಿಡಿದುಕೊಟ್ಟೆ.